ಹಗೇವಿನ ಬಾಯಿ

ನಮ್ಮ ಮನೆಯ ಪಡಸಾಲೆಯ ನಡುವೆ, ನೆಲದಲ್ಲಿ ಒಂದು ಬಾಯಿ ಇತ್ತು. ಅದರ ಮೇಲೆ ದುಂಡಗಿನ ಹಾಸುಗಲ್ಲು, ಕಲ್ಲಿನ ಸುತ್ತ ಸಗಣಿ ಬೆರೆಸಿದ ಮಣ್ಣಿನ ಮೆತ್ತು. ಹೊಸದಾಗಿ ಬಂದವರು ತಿಳಿಯದೆ ಅದರ ಮೇಲೆಯೇ ಕೂತುಬಿಡುತ್ತಿದ್ದರು. ಅವ್ವ ಅಡುಗೆಮನೆಯಿಂದಲೇ ‘ಸ್ವಲ್ಪ ಈಚಿಗೆ ಸರೀರಿ’ ಎಂದು ಕೂಗುತ್ತಿದ್ದಳು. ಕೆಳಗಿದ್ದದ್ದು ಹಗೇವು. ಕಾಳು ಕೂಡಿಡಲು ನೆಲದೊಳಗೆ ತೋಡಿದ ಗುಂಡಿ. ದೊಡ್ಡ ಗಡಿಗೆಯ ಹಾಗೆ ಬಾಯಿ ಕಿರಿದು, ಹೊಟ್ಟೆ ಅಗಲ. ಸುಗ್ಗಿ ಮುಗಿದ ಮೇಲೆ ಜೋಳವನ್ನು ಅದರಲ್ಲಿ ಸುರಿದು ಬಾಯಿ ಮುಚ್ಚಿದರೆ, ಮಳೆಗಾಲದಲ್ಲಿ ಮೇಲೆ ಉಳಿಸಿಕೊಂಡ ಚೀಲಗಳು ಬರಿದಾದಾಗಲೇ ಮತ್ತೆ ತೆಗೆಯುವುದು. ಕಮತಗಿಯ ಆಸುಪಾಸಿನ ಊರುಗಳಲ್ಲಿ ಆಗ ಹಗೇವು ಅಪರೂಪವಲ್ಲ. ಆದರೆ ಬಹಳ ಮನೆಗಳವರದು ಹಿತ್ತಲಲ್ಲೋ ಊರಹೊರಗೋ ಇತ್ತು, ನಮ್ಮದು ಮನೆಯೊಳಗೆ. ಅದರ ಸುತ್ತ ಕೂತು ಉಣ್ಣುತ್ತಿದ್ದೆವು, ಅದರ ಸುತ್ತಲೇ ಹಾಸಿಗೆ ಹಾಸುತ್ತಿದ್ದೆವು. ನಾನು ಮಾತ್ರ ಎಂದೂ ಆ ಕಲ್ಲಿನ ಕಡೆಗೆ ಕಾಲು ಚಾಚಿ ಮಲಗಲಿಲ್ಲ. ಯಾರೂ ಹಾಗೆ ಮಾಡಬೇಡವೆಂದು ಹೇಳಿರಲಿಲ್ಲ. ನನಗೇ ಅಂಜಿಕೆ.

ಹಗೇವು ತೆಗೆಯುವ ದಿನ ಮನೆಯ ಯಜಮಾನಿಕೆ ಆಯಿಯದು. ಆಯಿ ಎಂದರೆ ಅಪ್ಪನ ತಾಯಿ. ನಮ್ಮದು ಬೀರಪ್ಪನ ಒಕ್ಕಲು. ಆಯಿ ಅವನನ್ನು ದೇವರೆನ್ನುವುದಕ್ಕಿಂತ ಮನೆಯ ಹಿರಿಯನೆಂದೇ ತಿಳಿದಿದ್ದಳು, ಜಗಳವನ್ನೂ ಆಡುತ್ತಿದ್ದಳು. ಅಪ್ಪ ಕಲ್ಲು ಸರಿಸಿದ ಕೂಡಲೇ ಎಲ್ಲರನ್ನೂ ಹಿಂದಕ್ಕೆ ನಿಲ್ಲಿಸಿ, ದೇವರಿಗೆ ಭಂಡಾರದ ಅರಿಸಿನ ಏರಿಸಿ, ಒಂದು ಕುಡಿಕೆಯಲ್ಲಿ ದೀಪವಿಟ್ಟು ಅದನ್ನು ಹಗ್ಗದಿಂದ ಮೆಲ್ಲಗೆ ಒಳಕ್ಕೆ ಇಳಿಬಿಡುತ್ತಿದ್ದಳು. ‘ಬೀರಪ್ಪಾ, ಒಳಗ ಬರಲೇನು?’ ಎಂದು ಕೇಳುತ್ತಿದ್ದಳು. ದೀಪ ಉರಿಯುತ್ತಿದ್ದರೆ ಅಪ್ಪ ಇಳಿಯಬಹುದು. ಆರಿದರೆ ಆ ದಿನ ಯಾರೂ ಇಳಿಯುವಂತಿಲ್ಲ. ಬಾಯಿ ತೆರೆದಿಟ್ಟು, ಕರಿ ಕಂಬಳಿಯನ್ನು ಒಳಗೆ ಜೋತುಬಿಟ್ಟು ಮೇಲೆ ಕೆಳಗೆ ಬೀಸಿ, ಮಾರನೆಯ ದಿನ ಮತ್ತೆ ದೀಪ ಬಿಡಬೇಕು. ನಾನು ಒಮ್ಮೆ ಅವಳ ಸೆರಗು ಹಿಡಿದು ಕೇಳಿದ್ದೆ.

‘ದೀಪ ಆರಿದ್ರ ಏನರ್ಥ ಆಯಿ?’

‘ಒಳಗ ಅವ ಕುಂತಾನಂತ. ಅವ ಎದ್ದ ಹೋಗೂತನಾ ನಾವು ಹೋಗಬಾರದು.’

‘ಕಂಬಳಿ ಯಾಕ ಬೀಸೂದು?’

‘ನಮ್ಮತ್ತಿ ಬೀಸ್ತಿದ್ಲು, ನಾ ಬೀಸ್ತೇನಿ. ಹಿಂಗ ಬೀಸಿದ್ರ ಲಗೂನ ಏಳ್ತಾನ. ಅಷ್ಟ ನನಗ ಗೊತ್ತು.’

ನನಗೆ ಪ್ರಶ್ನೆ ಕೇಳುವುದನ್ನು ಕಲಿಸಿದವನು ಅಪ್ಪನ ತಮ್ಮ, ಮಾಳಪ್ಪ ಕಾಕಾ. ಬಾಗಲಕೋಟೆಯಲ್ಲಿ ವಿಜ್ಞಾನ ಓದಿ ಪದವಿ ಮುಗಿಸಿ, ನೌಕರಿಗಾಗಿ ಕಾಯುತ್ತ ಮನೆಯಲ್ಲಿದ್ದ. ಅವನಂಥ ಚೆಂದದ ಮನುಷ್ಯನನ್ನು ನಾನು ಆವರೆಗೆ ನೋಡಿರಲಿಲ್ಲ. ಉಣ್ಣುವಾಗ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ರೊಟ್ಟಿ ಮುರಿಯುತ್ತ, ಯಾರು ಏನೇ ಹೇಳಲಿ ‘ಹೆಂಗ ಗೊತ್ತು?’ ಎಂದು ಕೇಳಬೇಕೆಂದು ಹೇಳಿಕೊಡುತ್ತಿದ್ದ. ಉರಿಯುವ ಮೇಣದಬತ್ತಿಯ ಮೇಲೆ ಗ್ಲಾಸು ಬೋರಲು ಹಾಕಿ, ಅದು ಹೇಗೆ ಸಣ್ಣಗಾಗಿ ಆರುತ್ತದೆಂದು ತೋರಿಸಿದವನೂ ಅವನೇ. ಗ್ರಹಣ ಹಿಡಿದಾಗ ಎಲ್ಲರೂ ಒಳಗೆ ಕೂತಿರಲು ಅವನು ಅಂಗಳದಲ್ಲಿ ನಿಂತು ಶೇಂಗಾ ಹಿಂಡಿ ಹಚ್ಚಿದ ರೊಟ್ಟಿ ತಿಂದ. ಮೂರು ದಾರಿ ಕೂಡುವಲ್ಲಿ ಯಾರೋ ದೃಷ್ಟಿ ಇಳಿಸಿ ಎಸೆದುಹೋದ ಲಿಂಬೆಹಣ್ಣನ್ನು ಎತ್ತಿಕೊಂಡು ಬಂದು ಪಾನಕ ಮಾಡಿದ, ನನಗೂ ಕುಡಿಸಿದ. ಆ ರಾತ್ರಿ ನನಗೆ ಹೊಟ್ಟೆ ನೋಯುತ್ತದೇನೋ ಎಂದು ಕಾದೆ. ನೋಯಲಿಲ್ಲ. ‘ಏನಾತು? ಏನೂ ಆಗಲಿಲ್ಲ’ ಎನ್ನುವುದು ಅವನ ಮಾತಿನ ಕೊನೆ. ಆಯಿ ಬಯ್ಯುತ್ತಿರಲಿಲ್ಲ, ಅವನನ್ನು ಸುಮ್ಮನೆ ನೋಡುತ್ತಿದ್ದಳು. ಪ್ರತಿ ಸಲ ಏನೂ ಆಗದಿದ್ದಾಗ ಅವನ ದನಿ ಒಂದಿಷ್ಟು ಗಟ್ಟಿಯಾಗುತ್ತಿತ್ತು. ಏನೂ ಆಗದಿರುವುದು ಮನೆಯೊಳಗೆ ಎಲ್ಲೋ ಜಮೆಯಾಗುತ್ತಿದೆ, ಒಂದು ದಿನ ಅದೆಲ್ಲ ಒಟ್ಟಿಗೆ ಆಗಲಿದೆ ಎಂದು ಅವ್ವನಿಗೆ ಅನ್ನಿಸುತ್ತಿತ್ತಂತೆ. ಬಹಳ ವರ್ಷಗಳ ಮೇಲೆ ನನಗೆ ಹೇಳಿದಳು.

ಆ ವರ್ಷ ರಾಶಿ ಮಾಡುವ ಹೊತ್ತಿಗೆ ಮಳೆ ಬಿದ್ದು ಜೋಳ ಸರಿಯಾಗಿ ಒಣಗದೆ ಹಗೇವು ಸೇರಿತ್ತು. ತೆಗೆಯುವ ದಿನ ಬಂದಾಗ ಕಲ್ಲು ಸರಿಸಿದೊಡನೆ ಹುಳಿ ಹಿಡಿದ ಬಿಸಿ ವಾಸನೆ ಪಡಸಾಲೆಗೆಲ್ಲ ಹರಡಿತು. ಬಾಗಿಲ ಬಳಿ ಕಟ್ಟಿದ್ದ ಎತ್ತುಗಳು ತಲೆ ಕೊಡವಿದವು. ಆಯಿ ದೀಪ ಬಿಟ್ಟಳು. ಕುಡಿಕೆ ಬಾಯಿಯಿಂದ ಸ್ವಲ್ಪ ಕೆಳಗೆ ಹೋಗುವಷ್ಟರಲ್ಲೇ ಆರಿತು. ಇನ್ನೊಮ್ಮೆ ಹಚ್ಚಿ ಬಿಟ್ಟಳು. ಮತ್ತೆ ಆರಿತು. ಮಾರನೆಯ ದಿನವೂ ಹಾಗೆಯೇ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಆಗ ಬಸುರಿ. ಅವಳ ಸೀಮಂತಕ್ಕೆ ತವರಿನವರು ಬರುವವರಿದ್ದರು, ಮನೆಯಲ್ಲಿ ಜೋಳವಿರಲಿಲ್ಲ. ನೆರೆಯವರಲ್ಲಿ ಕೇಳಿ ತರೋಣವೆಂದು ಅಪ್ಪ. ಕಾಕಾ ಎದ್ದು ಅಂಗಿ ಬಿಚ್ಚಿದ.

‘ನಮ್ಮ ಮನ್ಯಾಗ ಕಾಳ ಇಟಗೊಂಡು ಮಂದೀ ಮನಿಗೆ ಹೋಗೂದೇನು? ಒಂದು ದೀಪ ಆರೇತಿ ಅಂತ? ಗಾಳಿಗೆ ಆರೇತಿ ಅದು.’

ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವನು ಕಲಿಸಿದ್ದನ್ನೇ ಕೇಳಿದೆ.

‘ಒಳಗ ಗಾಳಿ ಎಲ್ಲೈತಿ ಕಾಕಾ?’

‘ಸುಮ್ನ ನಿಂದ್ರ ನೀಲಿ.’

ಅವನು ನನಗೆ ಸುಮ್ಮನಿರು ಎಂದದ್ದು ಅದೇ ಮೊದಲು. ಅವನು ಆ ಹೊತ್ತು ನನ್ನ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದರೆ ಎಂದು ಈಗಲೂ ಯೋಚಿಸುತ್ತೇನೆ. ಗ್ಲಾಸಿನ ಕೆಳಗಿನ ಮೇಣದಬತ್ತಿಯನ್ನು ಬಲ್ಲವನಿಗೆ ಕುಡಿಕೆಯ ದೀಪ ತಿಳಿಯದ ವಿಷಯವೇನಲ್ಲ. ಆದರೆ ಅದನ್ನು ಇಳಿಬಿಟ್ಟವಳು ಆಯಿ, ಇಳಿಬಿಡುವಾಗ ಬೀರಪ್ಪನ ಹೆಸರು ಹೇಳಿದ್ದಳು. ಅಷ್ಟಕ್ಕೇ ಆ ದೀಪ ಅವನ ಪಾಲಿಗೆ ಲಿಂಬೆಹಣ್ಣಿನ ಸಾಲಿಗೆ ಸೇರಿಬಿಟ್ಟಿತ್ತು. ಆಯಿ ಬೇಡವೆಂದಳು, ಅಪ್ಪ ಬೇಡವೆಂದ. ಬೇಡವೆಂದಷ್ಟೂ ಅವನ ಮುಖ ಬಿಗಿಯಿತು. ಕೊನೆಗೆ ಅವ್ವ, ಮೈದುನನ ಎದುರು ಎಂದೂ ದನಿ ಎತ್ತದವಳು, ಬಾವಿಯ ಹಗ್ಗ ತಂದು ಅವನ ಮುಂದೆ ಹಿಡಿದಳು. ‘ಸ್ವಂಟಕ್ಕ ಇದನ್ನ ಕಟಗೊಂಡ್ರ ಇಳೀರಿ. ಇಲ್ಲಂದ್ರ ನಾ ಈ ಬಾಯಿ ಮ್ಯಾಲೆ ಕುಂಡರತೇನಿ’ ಎಂದಳು. ಕಾಕಾ ನಕ್ಕ. ‘ನಿಮ್ಮ ಸಮಾಧಾನಕ್ಕ ಆಗಲಿ ವೈನಿ’ ಎಂದು ಕಟ್ಟಿಕೊಂಡ. ನನ್ನ ಕಡೆಗೆ ನೋಡಿ ಕಣ್ಣು ಮಿಟುಕಿಸಿ ಇಳಿದ.

ಮೊದಲು ಅವನ ತಲೆ ಕಾಣುತ್ತಿತ್ತು. ಆಮೇಲೆ ‘ಭಾಳ ಬಿಸಿ ಐತಿ’ ಎಂಬ ಮಾತು ಬಂತು. ಆಮೇಲೆ ಜೋಳದ ಮೇಲೆ ಮೂಟೆ ಇಟ್ಟಂಥ ಸಪ್ಪಳ. ಚಿಗವ್ವ ಅವನ ಹೆಸರನ್ನೇ ಹಿಡಿದು ಕೂಗಿದಳು. ಗಂಡನ ಹೆಸರು ಹೇಳಬಾರದೆಂಬುದು ಅವಳಿಗೆ ನೆನಪಿರಲಿಲ್ಲ. ಅಪ್ಪ ಧುಮುಕಲು ಹೋದ. ಆಯಿ ಅವನ ಎದೆಗೆ ಎರಡೂ ಕೈ ಕೊಟ್ಟು ಹಿಂದಕ್ಕೆ ನೂಕಿದಳು. ಅವಳಲ್ಲಿ ಅಷ್ಟು ಬಲವಿತ್ತೆಂದು ನನಗೆ ಗೊತ್ತಿರಲಿಲ್ಲ.

‘ಇಳದ್ರ ಇಬ್ಬರೂ ಹೋಗ್ತೀರಿ. ಎಳೀ! ಹಗ್ಗಾ ಎಳೀ!’

ಅಪ್ಪ, ಅವ್ವ ಇಬ್ಬರೂ ಎಳೆದರು. ಕಾಕಾನ ಭುಜ ಕಿರಿದಾದ ಬಾಯಿಗೆ ಸಿಕ್ಕಿಕೊಂಡಿತು. ಆಯಿ ಹೊಟ್ಟೆಯ ಮೇಲೆ ಮಲಗಿ, ಉಸಿರು ಬಿಗಿಹಿಡಿದು, ಕೈ ಇಳಿಬಿಟ್ಟು ಅವನ ತೋಳನ್ನು ಮೇಲಕ್ಕೆ ಮಾಡಿದಳು. ಅವನು ಹೊರಗೆ ಬಂದಾಗ ತುಟಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು, ಕೂದಲ ತುಂಬ ಬೂಷ್ಟು ಹಿಡಿದ ಜೋಳ. ಅಂಗಳಕ್ಕೆ ಒಯ್ದು ಮಲಗಿಸಿ ಗಾಳಿ ಬೀಸಿದರು. ಬಹಳ ಹೊತ್ತಾದ ಮೇಲೆ ಒಂದು ಉಸಿರು ಬಂತು. ಬರುತ್ತಲೇ ಅವನು ಕಿರುಚಿದ. ಆ ದನಿ ನಮ್ಮ ಕಾಕಾನದಾಗಿರಲಿಲ್ಲ.

ಅವನು ಬದುಕಿದ. ಮನೆಯವರೆಲ್ಲ ಅತ್ತು ನಕ್ಕರು. ನಿಜವಾದ ಕೇಡು ಶುರುವಾದದ್ದು ಆಮೇಲೆ. ಕೆಲವು ದಿನ ಅವನು ದೇವರ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ. ಎದ್ದವನು ಹೇಳಿದ್ದು ಒಂದೇ: ಜೋಳದ ರಾಶಿಯ ಮೇಲೆ ಕಂಬಳಿ ಹೊದ್ದವನೊಬ್ಬ ಕೂತಿದ್ದ, ಚಿಕ್ಕಂದಿನ ಹೆಸರು ಹಿಡಿದು ತನ್ನನ್ನು ಕರೆದ, ‘ನಂಬೂದಿಲ್ಲೇನಲೇ?’ ಎಂದು ಕೇಳಿ ಮೇಲಕ್ಕೆ ಎತ್ತಿ ಬಿಸಾಡಿದ. ಅಪ್ಪ ಕೈಮುಗಿದು ಕೇಳುತ್ತಿದ್ದ. ಹಗ್ಗ ಎಳೆದು ಎರಡೂ ಅಂಗೈಯ ಚರ್ಮ ಕಿತ್ತುಹೋಗಿದ್ದ ಅವ್ವ ಬಾಗಿಲಲ್ಲಿ ನಿಂತಿದ್ದಳು. ಅರಿಸಿನ ಹಚ್ಚಿದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮುಂದಿನ ಅಮಾವಾಸ್ಯೆಗೆ ಅವನ ಮೈಮೇಲೆ ಬೀರಪ್ಪ ಬಂದ. ಆಮೇಲೆ ಪ್ರತಿ ಅಮಾವಾಸ್ಯೆ, ಪ್ರತಿ ಸೋಮವಾರ. ಸಾವಿನ ಬಾಯಿಗೆ ಹೋಗಿ ಬಂದವನೆಂದು ಸುತ್ತಲ ಊರಿನ ಮಂದಿ ಬರತೊಡಗಿದರು. ಪಡಸಾಲೆಯಲ್ಲಿ ನಾವು ಉಣ್ಣುವುದು ನಿಂತಿತು. ಅಡುಗೆಮನೆಯ ಮೂಲೆಯಲ್ಲಿ ಅವಸರದಲ್ಲಿ ಉಂಡೇಳುತ್ತಿದ್ದೆವು. ಉಳ್ಳಾಗಡ್ಡಿ ಮನೆಯೊಳಗೆ ಬರಬಾರದು. ಹೆಂಗಸರು ಇಂಥ ದಿನ ಇಂಥ ಬಾಗಿಲಿನಿಂದಲೇ ತಿರುಗಾಡಬೇಕು. ಕಿಟಕಿ ಮುಚ್ಚಿರಬೇಕು. ಆಯಿಯ ಕಾಲದಲ್ಲೂ ನೇಮಗಳಿದ್ದವು, ಆದರೆ ಅವಳು ಒಂದೊಂದನ್ನು ಮುರಿದು ‘ಇವತ್ತ ನಡೀತೈತಿ ಬಿಡಪಾ’ ಎಂದು ದೇವರಿಗೇ ಹೇಳಿಬಿಡುತ್ತಿದ್ದಳು. ಕಾಕಾನ ನೇಮಗಳಿಗೆ ಆ ಸಡಿಲಿಕೆ ಇರಲಿಲ್ಲ. ಗ್ರಹಣದಲ್ಲಿ ರೊಟ್ಟಿ ತಿನ್ನುವಾಗ ಇದ್ದ ಅದೇ ದನಿ, ಅದೇ ಎತ್ತಿದ ಗದ್ದ. ತನ್ನ ಕಾಲೇಜಿನ ಪುಸ್ತಕಗಳನ್ನು ಒಂದೊಂದೇ ಹಾಳೆ ಹರಿದು ಭಂಡಾರದ ಪುಡಿಕೆ ಕಟ್ಟಲು ಕೊಟ್ಟ. ಕಟ್ಟುವ ಕೆಲಸ ನನ್ನದು. ಹಳದಿ ಬೆರಳಿನಿಂದ ಹಾಳೆ ಮಡಿಸುವಾಗ ಅಕ್ಷರಗಳನ್ನು ಓದುತ್ತಿದ್ದೆ. ‘ಓದಬ್ಯಾಡ, ಕಟ್ಟು’ ಎನ್ನುತ್ತಿದ್ದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ, ನನ್ನ ಕಾಕಾ ಅದರ ಹಿಂದೆ ಎಲ್ಲಾದರೂ ಅಡಗಿದ್ದಾನೋ ಎಂದು.

ಚಿಗವ್ವನಿಗೆ ಹೆಣ್ಣು ಹುಟ್ಟಿತು. ಹೊನ್ನವ್ವ ಎಂದು ಹೆಸರಿಟ್ಟು ಹೊನ್ನಿ ಎಂದು ಕರೆದೆವು. ಆ ಕತ್ತಲೆಯ ಮನೆಯಲ್ಲಿ ಗಟ್ಟಿಯಾಗಿ ನಗುವ ಅಪ್ಪಣೆ ಅವಳೊಬ್ಬಳಿಗೇ ಇತ್ತು. ಅವಳು ಇನ್ನೂ ತೊದಲು ಮಾತಾಡುತ್ತಿದ್ದ ವಯಸ್ಸಿನಲ್ಲಿ ಒಂದು ಜ್ವರ ಬಂತು. ಮೊದಲ ದಿನ ಮೈ ಸುಟ್ಟಿತು. ಆಮೇಲೆ ಎತ್ತಿಕೊಂಡರೆ ಕಿರುಚತೊಡಗಿದಳು. ಕಾಕಾ ಅವಳ ಹಣೆಗೆ ಭಂಡಾರ ಹಚ್ಚಿ, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ದೇವರ ಹೇಳಿಕೆ ಕೊಟ್ಟ: ಇದು ಮನೆತನದ ಪರೀಕ್ಷೆ, ಯಾರೂ ಹೊಸಿಲು ದಾಟಬಾರದು, ಹೊರಗಿನ ಔಷಧಿ ಕೂಸಿನ ಬಾಯಿಗೆ ಬಿದ್ದರೆ ಕೂಸು ಉಳಿಯುವುದಿಲ್ಲ. ಅಪ್ಪ ಅವನ ಮಾತಿಗೆ ಎದುರಾಡಲಿಲ್ಲ. ‘ಅವ ಒಳಗ ಹೋಗಿ ಬಂದವ, ನಮಗೇನ ಗೊತ್ತೈತಿ’ ಎಂದ. ಚಿಗವ್ವ ಅತ್ತಳು, ಕಾಲು ಹಿಡಿದಳು, ಆಮೇಲೆ ಅಳುವುದನ್ನೂ ಬಿಟ್ಟು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಇನ್ನೊಂದು ದಿನ ಹೀಗೇ ಹೋಯಿತು. ಮಾರನೆಯ ಬೆಳಿಗ್ಗೆ ಆಯಿ ಬಂದು ಕೂಸಿನ ತಲೆಯ ಕೆಳಗೆ ಕೈಹಾಕಿ ಎತ್ತಲು ನೋಡಿದಳು. ಕುತ್ತಿಗೆ ಮಣಿಯಲಿಲ್ಲ, ಇಡೀ ಮೈ ಕಟ್ಟಿಗೆಯ ಹಾಗೆ ಒಟ್ಟಿಗೇ ಎದ್ದಿತು. ಆಯಿ ಚಿಗವ್ವನ ಕಡೆ ತಿರುಗಿದಳು.

‘ಲಕ್ಷ್ಮವ್ವಾ, ಕೂಸಿನ ಹೊದಿಸಿಕೋ. ದವಾಖಾನಿಗೆ ಹೋಗೂಣು.’

ಕಾಕಾ ಬಾಗಿಲಲ್ಲಿ ನಿಂತಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಬೆತ್ತ, ಹಣೆಯ ತುಂಬ ಭಂಡಾರ. ಅದು ಸೋಮವಾರವೂ ಅಲ್ಲ, ಅಮಾವಾಸ್ಯೆಯೂ ಅಲ್ಲ. ಆದರೂ ಅವನ ಮೈ ನಡುಗುತ್ತಿತ್ತು.

‘ದಾಟಬ್ಯಾಡ್ರಿ. ಬೀರಪ್ಪ ಹೇಳ್ಯಾನ.’

ನನ್ನ ಬಾಯಿಂದ ಮಾತು ಹೊರಬಿತ್ತು. ಧೈರ್ಯ ಮಾಡಿ ಆಡಿದ್ದಲ್ಲ, ಅಭ್ಯಾಸಬಲ.

‘ಬೀರಪ್ಪನ ಹೇಳ್ಯಾನಂತ ಹೆಂಗ ಗೊತ್ತು ಕಾಕಾ?’

ಅವನು ನನ್ನ ಕಡೆ ತಿರುಗಿದ. ಒಂದೇ ಕ್ಷಣ, ಅವನ ಕಣ್ಣಲ್ಲಿ ನನ್ನ ಹಳೆಯ ಕಾಕಾ ಬಂದು ನಿಂತ. ಪಾಠ ಒಪ್ಪಿಸಿದ ಹುಡುಗಿಯನ್ನು ನೋಡುವ ಹಾಗೆ ನೋಡಿದ ಎಂದೇ ನಾನು ಇವತ್ತಿಗೂ ಹೇಳುತ್ತೇನೆ. ಮರುಕ್ಷಣ ಬೆತ್ತ ಮೇಲೆದ್ದು ನನ್ನ ಹೆಗಲಿಗೆ ಬಿತ್ತು. ಅಪ್ಪ ತಲೆ ತಗ್ಗಿಸಿ ನಿಂತಿದ್ದ. ಎರಡನೆಯ ಏಟಿಗೆ ಬೆತ್ತ ಎತ್ತಿದಾಗ ಆಯಿ ನಡುವೆ ಬಂದಳು. ಅವಳು ಮಗನ ಕೈ ಹಿಡಿಯಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದೇವರ ಎದುರು ನಿಲ್ಲುವ ಹಾಗೆ ನಿಂತು, ಕೈಮುಗಿದಳು.

‘ಬೀರಪ್ಪಾ, ಈ ಮನಿಗೆ ಸೊಸಿ ಆಗಿ ಬಂದಾಗಿಂದ ನಿನ್ನ ಹಾದಿ ತಪ್ಪಿ ನಡದಿಲ್ಲ ನಾ. ಕೂಸು ಕಟಗಿ ಆಗೇತಿ, ನೋಡು. ಇಂವನ ಮೈಯಾಗ ಇರಾಂವ ನೀನ ಆಗಿದ್ರ ಈ ಹೆಂಗಸಿಗೆ ದಾರಿ ಬಿಡತಿ. ನೀ ಅಂಥಾಂವಂತ ತಿಳದ ನಾ ಇಷ್ಟ ವರ್ಷ ದೀಪ ಹಚ್ಚೇನಿ. ನೀ ಅಲ್ಲಂದ್ರ ಇಂವ ನನ್ನ ಮಗಾ ಮಾಳಪ್ಪ. ಮಗನ ಮಾತು ನಾ ಯಾಕ ಕೇಳಲಿ?’

ಕಾಕಾ ಎತ್ತಿದ್ದ ಬೆತ್ತವನ್ನು ಮೆಲ್ಲಗೆ ಇಳಿಸಿದ. ದೇವರಾಗಿ ಉಳಿಯಬೇಕಾದರೂ ಸರಿಯಬೇಕು, ಮಗನಾದರೂ ಸರಿಯಬೇಕು. ನಿಂತೇ ಇರಲು ಅವನಿಗೆ ಆಯಿ ಜಾಗವನ್ನೇ ಬಿಟ್ಟಿರಲಿಲ್ಲ. ಅವನು ಸರಿದ. ಸರಿದ ಎನ್ನುವುದಕ್ಕಿಂತ ಬಾಗಿಲ ಚೌಕಟ್ಟಿಗೆ ಒರಗಿ ಕುಸಿದ. ನಾವು ಅವನ ಮೊಣಕಾಲುಗಳನ್ನು ದಾಟಿ ಹೊರಗೆ ಬಂದೆವು. ಚಿಗವ್ವ, ಕೂಸು, ಆಯಿ, ನಾನು. ರಸ್ತೆಯಲ್ಲಿ ಸಿಕ್ಕ ಟೆಂಪೋದಲ್ಲಿ ಬಾಗಲಕೋಟೆಗೆ ಹೋದೆವು. ದಾರಿಯುದ್ದಕ್ಕೂ ಆಯಿ ಬೀರಪ್ಪನಿಗೆ ಹರಕೆ ಹೊರುತ್ತಲೇ ಇದ್ದಳು.

ಮೆದುಳು ಜ್ವರ ಎಂದರು. ಬೆನ್ನಿಗೆ ಸೂಜಿ ಚುಚ್ಚಿದರು. ನಾವು ದವಾಖಾನೆಯ ವರಾಂಡದಲ್ಲೇ ಉಂಡು ಅಲ್ಲೇ ಮಲಗಿದೆವು. ಹೊನ್ನಿ ಉಳಿದಳು. ಕಣ್ಣು ಬಿಟ್ಟಳು, ಹಾಲು ಕುಡಿದಳು, ನಕ್ಕಳು ಕೂಡ. ಮನೆಗೆ ಬಂದು ಕೆಲವು ದಿನಗಳಾದ ಮೇಲೆ ಅವ್ವನ ಕೈಯಿಂದ ತಾಮ್ರದ ಕೊಡ ಜಾರಿ ಅಂಗಳಕ್ಕೆ ಬಿತ್ತು. ಎಲ್ಲರೂ ಬೆಚ್ಚಿದೆವು. ಅಲ್ಲೇ ಬೆನ್ನು ತಿರುಗಿಸಿ ಆಡುತ್ತಿದ್ದ ಹೊನ್ನಿ ತಲೆ ಎತ್ತಲಿಲ್ಲ.

ಆ ದಿನದಿಂದ ಮನೆಯಲ್ಲಿ ಎರಡು ಮಾತು ಹುಟ್ಟಿದವು. ಹೊಸಿಲು ದಾಟಿದ್ದಕ್ಕೆ ಬೀರಪ್ಪ ಕೂಸಿನ ಜೀವ ಬಿಟ್ಟು ಕಿವಿ ತಗೊಂಡ ಎಂದು ಕಾಕಾ. ತಡ ಮಾಡಿದ್ದಕ್ಕೆ ಕಿವಿ ಹೋದವು, ಹೆತ್ತ ಅಪ್ಪನೇ ಮಗಳ ಕಿವಿ ತಿಂದ ಎಂದು ಚಿಗವ್ವ. ಒಬ್ಬರ ಮಾತು ಇನ್ನೊಬ್ಬರಿಗೆ ತಾಗುತ್ತಿರಲಿಲ್ಲ. ಆಯಿ ಎರಡರ ನಡುವೆ ಕೂತು ಕಾಳು ಹಸನು ಮಾಡುತ್ತಿದ್ದಳು. ನನಗೆ ಚಿಗವ್ವನ ಮಾತೇ ಸರಿಯೆನ್ನಿಸುತ್ತಿತ್ತು. ಸರಿಯೆಂದು ಯಾರಾದರೂ ಓದಿದವರು ಹೇಳಿಬಿಟ್ಟರೆ ಕಾಕಾನ ಬಾಯಿ ಮುಚ್ಚುತ್ತದೆ ಎಂಬ ಆಸೆಯೂ ಇತ್ತು. ಕೂಸನ್ನು ತೋರಿಸಲು ಮತ್ತೆ ಬಾಗಲಕೋಟೆಗೆ ಹೋದಾಗ ನಾನೇ ಕೇಳಿದೆ.

‘ಮೊದಲ ದಿನಾನ ಕರಕೊಂಡ ಬಂದಿದ್ರ ಕಿವಿ ಉಳೀತಿದ್ವೇನ್ರಿ?’

ಡಾಕ್ಟರು ವಯಸ್ಸಾದ ಹೆಂಗಸು. ಕೂಸಿನ ಕಿವಿಯಿಂದ ಕೈ ತೆಗೆದು ನನ್ನನ್ನೂ ಚಿಗವ್ವನನ್ನೂ ನೋಡಿದರು. ಸುಳ್ಳು ಹೇಳಿದ್ದರೆ ಅವರಿಗೂ ನಮಗೂ ಸುಲಭವಾಗುತ್ತಿತ್ತು.

‘ಲಗೂ ಬಂದಷ್ಟೂ ಛಲೋ. ಅದು ಖರೆ. ಆದ್ರ ಈ ಕೂಸಿನ ಕಿವಿ ಉಳೀತಿದ್ವು ಅಂತ ಖಾತ್ರಿ ಹೇಳಾಕ ಬರಂಗಿಲ್ಲವಾ. ಲಗೂ ಬಂದವ್ರ ಕಿವೀನೂ ಒಮ್ಮೊಮ್ಮೆ ಹೋಗ್ತಾವು. ತಡಾ ಆದವ್ರವು ಉಳದದ್ದೂ ನೋಡೇನಿ.’

ಚಿಗವ್ವ ಎದ್ದು ನಿಂತಳು.

‘ನನ್ನ ಗಂಡಗ ಖಾತ್ರಿ ಐತ್ರಿ. ನನಗೂ ಖಾತ್ರಿ ಐತಿ. ಇಷ್ಟ ಓದಿದವ್ರು ನೀವು, ನಿಮಗ ಗೊತ್ತಿಲ್ಲಂದ್ರ ಹೆಂಗ?’

ಹಿಂತಿರುಗುವಾಗ ಬಸ್ಸಿನಲ್ಲಿ ಅವಳು ಕೂಸನ್ನೆತ್ತಿಕೊಂಡು ಬೇರೆ ಸೀಟಿಗೆ ಹೋಗಿ ಕೂತಳು. ಆ ಪ್ರಶ್ನೆ ಕೇಳಿ ಅವಳ ಕೈಯಲ್ಲಿದ್ದ ಒಂದೇ ಆಯುಧವನ್ನು ನಾನು ಕಿತ್ತುಕೊಂಡಿದ್ದೆ. ಕಮತಗಿಯಲ್ಲಿ ಬಸ್ಸು ನಿಂತಾಗ ಅವಳು ಕೂಸನ್ನೆತ್ತಿಕೊಂಡು ಇಳಿದು, ತಿರುಗಿ ನೋಡದೆ, ತನ್ನ ತವರಿನ ಓಣಿಯ ಕಡೆಗೆ ನಡೆದಳು. ನಮ್ಮ ಮನೆಗೆ ಮತ್ತೆ ಬರಲಿಲ್ಲ. ಕಾಕಾ ಕರೆಯಲು ಹೋಗಲಿಲ್ಲ. ಮಂದಿ ಬರುವುದು ಕ್ರಮೇಣ ಕಡಿಮೆಯಾಯಿತು, ನಿಂತೇಹೋಯಿತು. ಕೇಳುವವರಿಲ್ಲದಿದ್ದರೂ ಅವನು ಸಾಯುವವರೆಗೆ ಸೋಮವಾರ ಸೋಮವಾರ ಮುಚ್ಚಿದ ಕಿಟಕಿಯ ಕೋಣೆಯಲ್ಲಿ ಹೇಳಿಕೆ ಕೊಡುತ್ತಲೇ ಇದ್ದ. ಚಿಗವ್ವ ಮನೆ ಬಿಟ್ಟ ವರ್ಷವೇ ನಾನು ಹುನಗುಂದದ ಸಾಲೆಗೆ ಸೇರಿದೆ. ಓದಿ ಶಿಕ್ಷಕಿಯಾಗಿ, ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದೆ. ದೇವರಿದ್ದಾನೋ ಇಲ್ಲವೋ ಎಂದು ಮಕ್ಕಳು ಕೇಳಿದಾಗ ನನಗೆ ಆಯಿಯ ಮುಗಿದ ಕೈ, ಅವ್ವನ ಕಿತ್ತ ಅಂಗೈ ಎರಡೂ ಕಣ್ಣಮುಂದೆ ಬರುತ್ತಿದ್ದವು.

ಹೊನ್ನಿ ಈಗ ಇಳಕಲ್ಲಿನಲ್ಲಿ ಸೀರೆಗಳಿಗೆ ಗೊಂಡೆ ಕಟ್ಟುತ್ತಾಳೆ. ತುಟಿ ನೋಡಿ ಮಾತು ತಿಳಿಯುತ್ತಾಳೆ, ತುಸು ಒಡಕು ದನಿಯಲ್ಲಿ ಮಾತಾಡುತ್ತಾಳೆ. ಕಳೆದ ಮಳೆಗಾಲದಲ್ಲಿ ಅವಳ ಮನೆಗೆ ಹೋಗಿದ್ದೆ. ಚಿಗವ್ವ ತೀರಿಕೊಂಡು ಆಗಿನ್ನೂ ಬಹಳ ದಿನವಾಗಿರಲಿಲ್ಲ. ಚಹಾ ಕೊಟ್ಟು, ಎದುರಿಗೆ ಕೂತು, ಎಂದೂ ಕೇಳದ್ದನ್ನು ಕೇಳಿದಳು.

‘ಅಪ್ಪ ಒಂದ ಹೇಳಿದ. ಅವ್ವ ಒಂದ ಹೇಳಿದ್ಲು. ನೀ ಅಲ್ಲೇ ಇದ್ದಿ. ನನ್ನ ಕಿವಿ ಯಾಕ ಹೋದ್ವು?’

ಜ್ವರದಿಂದ ಎಂದೆ. ತಡವಾಗದಿದ್ದರೆ ಉಳಿಯುತ್ತಿದ್ದವೇ ಎಂದು ಕೇಳಿದಳು. ಅವಳಿಗೆ ಸಮಾಧಾನವಾಗುವ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಪರೀಕ್ಷಿಸುವವರು ಯಾರೂ ಉಳಿದಿರಲಿಲ್ಲ. ಉಳಿಯಬಹುದಿತ್ತು, ಖಾತ್ರಿಯಿಲ್ಲ, ಯಾರಿಗೂ ಗೊತ್ತಿಲ್ಲ ಎಂದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ಹೊರಗೆ ಮೋಡ ಕವಿದು ಕೋಣೆ ಮಬ್ಬಾಗಿತ್ತು. ಅವಳು ಎದ್ದು ದೀಪದ ಸ್ವಿಚ್ಚು ಒತ್ತಿ, ಮತ್ತೆ ನನ್ನ ಎದುರಿಗೆ, ಮೊದಲಿಗಿಂತ ಹತ್ತಿರ ಕೂತಳು.

‘ಕಾಣಲಿಲ್ಲ. ಇನ್ನೊಮ್ಮೆ ಹೇಳು.’

ನಾನು ಅವಳ ಮುಖ ನೋಡುತ್ತ, ಬಿಡಿಬಿಡಿಯಾಗಿ, ಇನ್ನೊಮ್ಮೆ ಹೇಳಿದೆ.